ನೈಜರ್ ಮುಖಜಭೂಮಿ: ಎಣ್ಣೆಯ ಪಾಲೋ, ನೆಲದ ಹಕ್ಕೋ?

2025ರ ಜೂನ್ 12ರಂದು, ನೈಜೀರಿಯಾದ ಪ್ರಜಾಪ್ರಭುತ್ವ ದಿನದಂದು, ಅಧ್ಯಕ್ಷ ಬೋಲಾ ಟಿನುಬು ಅವರು ಮೂವತ್ತು ವರ್ಷಗಳ ಹಿಂದೆ ಗಲ್ಲಿಗೇರಿದ್ದ ಒಂಬತ್ತು ಮಂದಿಗೆ ಕ್ಷಮಾದಾನ ಘೋಷಿಸಿದರು. ಲೇಖಕ ಕೆನ್ ಸಾರೋ-ವಿವಾ ಮತ್ತು ಅವರ ಎಂಟು ಮಂದಿ ಸಂಗಾತಿಗಳನ್ನು 1995ರ ನವೆಂಬರ್ 10ರಂದು ಪೋರ್ಟ್ ಹಾರ್ಕೋರ್ಟ್ ಸೆರೆಮನೆಯಲ್ಲಿ ನೇಣಿಗೇರಿಸಿದ್ದು ಸಾನಿ ಅಬಾಚಾ ಅವರ ಸೇನಾ ಸರ್ಕಾರ. ಒಂಬತ್ತು ಮಂದಿಯೂ ಓಗೋನಿ ಸಮುದಾಯದವರು. ತಮ್ಮ ನೆಲದಲ್ಲಿ ನಡೆಯುತ್ತಿದ್ದ ತೈಲೋದ್ಯಮದ ವಿರುದ್ಧ ನಿಂತವರು. ಕ್ಷಮಾದಾನದ ಸುದ್ದಿ ಬಂದಾಗ ಅವರ ಪರವಾಗಿ ದಶಕಗಳಿಂದ ಹೋರಾಡುತ್ತಿದ್ದವರು ಸಂಭ್ರಮಿಸಲಿಲ್ಲ. ತಪ್ಪು ಮಾಡಿದವರನ್ನು ಕ್ಷಮಿಸಬಹುದು, ಮಾಡದವರನ್ನು ಕ್ಷಮಿಸುವುದು ಹೇಗೆ, ಆ ವಿಚಾರಣೆಯೇ ಅನ್ಯಾಯದ್ದೆಂದು ಸರ್ಕಾರ ಒಪ್ಪಿಕೊಂಡು ಅವರನ್ನು ನಿರ್ದೋಷಿಗಳೆಂದು ಸಾರಬೇಕು ಎಂಬುದು ಅವರ ಮಾತು.

ಈ ಆಕ್ಷೇಪವನ್ನು ಪದಗಳ ಮೇಲಿನ ತಗಾದೆ ಎಂದು ತಳ್ಳಿಹಾಕುವಂತಿಲ್ಲ, ಏಕೆಂದರೆ ಕ್ಷಮಾದಾನದ ಆಸುಪಾಸಿನಲ್ಲೇ ಇನ್ನೊಂದು ಮಾತುಕತೆ ಸಾಗಿತ್ತು. ಅದೇ ವರ್ಷದ ಜನವರಿಯಲ್ಲಿ ಓಗೋನಿ ಮುಖಂಡರನ್ನು ರಾಜಧಾನಿ ಅಬುಜಾಕ್ಕೆ ಕರೆಸಿ, 1993ರಿಂದ ನಿಂತುಹೋಗಿರುವ ತೈಲ ಉತ್ಪಾದನೆಯನ್ನು ಅವರ ನೆಲದಲ್ಲಿ ಮತ್ತೆ ಆರಂಭಿಸುವ ಪ್ರಸ್ತಾಪವನ್ನು ಸರ್ಕಾರ ಮುಂದಿಟ್ಟಿತ್ತು. ಫೆಬ್ರವರಿಯಲ್ಲಿ ಓಗೋನಿ ಪ್ರದೇಶದ ತಾಯ್ ಎಂಬಲ್ಲಿ ಪರಿಸರ ಮತ್ತು ತಂತ್ರಜ್ಞಾನದ ಕೇಂದ್ರೀಯ ವಿಶ್ವವಿದ್ಯಾಲಯ ಸ್ಥಾಪಿಸುವ ಮಸೂದೆಗೆ ಅಂಕಿತ ಬಿತ್ತು. ವಿಶ್ವವಿದ್ಯಾಲಯ, ಕ್ಷಮಾದಾನ, ತೈಲಬಾವಿಗಳ ಮರುಚಾಲನೆ ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ, ನೈಜರ್ ನದಿಯ ಮುಖಜಭೂಮಿಯಲ್ಲಿ, ಅಂದರೆ ಡೆಲ್ಟಾದಲ್ಲಿ, ಅರವತ್ತು ವರ್ಷಗಳಿಂದ ನಡೆದುಬಂದಿರುವ ಒಂದು ಕ್ರಮ ಎದ್ದು ಕಾಣುತ್ತದೆ. ಅಲ್ಲಿನ ಜನ ತಮ್ಮ ನೆಲದ ಬಗ್ಗೆ ತೀರ್ಮಾನಿಸುವ ಹಕ್ಕನ್ನು ಕೇಳಿದಾಗಲೆಲ್ಲ ಅವರ ಮುಂದೆ ಏನಾದರೊಂದು ಕೊಡುಗೆಯನ್ನು ಇಡಲಾಗಿದೆ. ಕೊಡುಗೆ ಬಂದ ಮೇಲೆ ಜಗಳ ತಣ್ಣಗಾಗಿಲ್ಲ. ಕೊಡುಗೆಯನ್ನು ಹಂಚಿಕೊಳ್ಳುವ ಕಡೆಗೆ ಸರಿದು ಊರೊಳಗೇ ಬಂದು ಕೂತಿದೆ. ನೈಜರ್ ಮುಖಜಭೂಮಿಯ ಸಂಘರ್ಷವನ್ನು ಬಡತನದ ಕಥೆಯಾಗಿಯೋ ಬಂದೂಕುಧಾರಿಗಳ ಕಥೆಯಾಗಿಯೋ ಓದುವುದು ರೂಢಿ. ನನಗೆ ಅದು ಮೊದಲಿಗೆ ತೀರ್ಮಾನ ಯಾರದ್ದು ಎಂಬ ಪ್ರಶ್ನೆಯ ಕಥೆಯಾಗಿ ಕಾಣುತ್ತದೆ.

ಈ ಪ್ರಶ್ನೆ ಪೆಟ್ರೋಲಿಯಂಗಿಂತ ಹಳೆಯದು. 1885ರಲ್ಲಿ ಬ್ರಿಟಿಷರು ಈ ಕರಾವಳಿಯನ್ನು ತಮ್ಮ ರಕ್ಷಣೆಗೆ ಒಳಪಟ್ಟ ಪ್ರದೇಶವೆಂದು ಘೋಷಿಸಿದಾಗ ಅದಕ್ಕೆ ‘ಎಣ್ಣೆ ನದಿಗಳ’ ಹೆಸರನ್ನೇ ಇಟ್ಟಿದ್ದರು. ಆ ಎಣ್ಣೆ ಭೂಗರ್ಭದ್ದಲ್ಲ, ತಾಳೆಹಣ್ಣಿನದು. ಕೈಗಾರಿಕೆಗಳ ಯಂತ್ರಗಳಿಗೂ ಸಾಬೂನಿಗೂ ಬೇಕಿದ್ದ ತಾಳೆಎಣ್ಣೆ ಒಳನಾಡಿನಿಂದ ನದಿಯ ಕವಲುಗಳ ಮೂಲಕ ಬಂದು ಹಡಗು ಸೇರುತ್ತಿತ್ತು, ನಡುವಿನ ವ್ಯಾಪಾರ ಕರಾವಳಿಯ ಅರಸರ ಕೈಯಲ್ಲಿತ್ತು. ಒಪೊಬೊ ಪಟ್ಟಣದ ಅರಸ ಜಾಜಾ ಆ ಹಿಡಿತವನ್ನು ಬಿಟ್ಟುಕೊಡಲು ಒಪ್ಪದೆ ನೇರವಾಗಿ ಇಂಗ್ಲೆಂಡಿಗೆ ಎಣ್ಣೆ ಕಳುಹಿಸತೊಡಗಿದಾಗ, 1887ರಲ್ಲಿ ಅವನನ್ನು ಮಾತುಕತೆಗೆಂದು ಕರೆದು ಸೆರೆಹಿಡಿದು ಗಡೀಪಾರು ಮಾಡಲಾಯಿತು. 1895ರ ಜನವರಿಯಲ್ಲಿ ನೆಂಬೆಯ ಅರಸ ಕೋಕೊ, ತನ್ನ ಜನರ ವ್ಯಾಪಾರವನ್ನು ಕಿತ್ತುಕೊಂಡಿದ್ದ ರಾಯಲ್ ನೈಜರ್ ಕಂಪನಿಯ ಅಕಾಸ್ಸಾ ಠಾಣೆಯ ಮೇಲೆ ದೋಣಿಗಳಲ್ಲಿ ಬಂದು ದಾಳಿ ಮಾಡಿದ. ಪ್ರತೀಕಾರವಾಗಿ ಬ್ರಿಟಿಷ್ ಪಡೆ ನೆಂಬೆಯ ಪಟ್ಟಣಗಳನ್ನು ಸುಟ್ಟಿತು. ಇಂದು ಕೊಳವೆಮಾರ್ಗಗಳ ಸುತ್ತ ನಡೆಯುವ ಜಗಳದ ಭಾಷೆಯಲ್ಲಿ ಈ ಹಳೆಯ ಹೆಸರುಗಳು ಈಗಲೂ ಸುಳಿಯುತ್ತವೆ. ಅಲ್ಲಿನವರ ನೆನಪಿನಲ್ಲಿ ಎರಡು ಎಣ್ಣೆಗಳ ನಡುವೆ ದೊಡ್ಡ ಬಿರುಕೇನೂ ಇಲ್ಲ.

ಎರಡನೆಯ ಎಣ್ಣೆ ಸಿಕ್ಕಿದ್ದು 1956ರಲ್ಲಿ, ಇಂದಿನ ಬಾಯೆಲ್ಸಾ ರಾಜ್ಯದ ಓಲೋಯ್‌ಬಿರಿಯಲ್ಲಿ. ಶೆಲ್-ಬಿಪಿ ಕಂಪನಿ ಸುಮಾರು 12,000 ಅಡಿ ಆಳಕ್ಕೆ ಕೊರೆದ ಬಾವಿಯಿಂದ ಹೊರಬಂದ ತೈಲ 1958ರಲ್ಲಿ ಮೊದಲ ಬಾರಿಗೆ ರಫ್ತಾಯಿತು. ಎರಡು ದಶಕ ಕಳೆಯುವಷ್ಟರಲ್ಲಿ ಆ ತೈಲಕ್ಷೇತ್ರ ಬತ್ತಿತು. ಈಗ ಅಲ್ಲಿ ಕವಾಟಗಳ ತುಕ್ಕುಹಿಡಿದ ಕಬ್ಬಿಣದ ಬಾವಿತಲೆಯೊಂದು, ಅದರ ಪಕ್ಕದಲ್ಲಿ ಬಾವಿಯ ಸಂಖ್ಯೆ, ಕೊರೆದ ವರ್ಷ, ಆಳ ಬರೆದ ಒಂದು ಫಲಕ. ಬಾವಿ ಇರುವ ಜಾಗ ನಿಜಕ್ಕೂ ನೆರೆಯ ಓಟುಆಬಾಗಿ ಹಳ್ಳಿಗೆ ಸೇರಿದ್ದು. ಹೆಸರು ಮಾತ್ರ ಓಲೋಯ್‌ಬಿರಿಯದು. ಬತ್ತಿಹೋದ ಬಾವಿಯ ಕೀರ್ತಿ ಯಾರಿಗೆ ಸೇರಬೇಕೆಂದು ಎರಡು ನೆರೆಯೂರುಗಳ ನಡುವೆ ಅಸಮಾಧಾನ ಉಳಿದಿದೆ ಎಂದರೆ, ಹರಿಯುತ್ತಿರುವ ಬಾವಿಯ ವಿಷಯದಲ್ಲಿ ಏನಾಗುತ್ತಿರಬಹುದೆಂದು ಊಹಿಸಬಹುದು.

ನೈಜೀರಿಯಾ 1960ರಲ್ಲಿ ಸ್ವತಂತ್ರವಾದಾಗ ಅದರ ಸಂವಿಧಾನದಲ್ಲಿ ಒಂದು ಸ್ಪಷ್ಟ ನಿಯಮವಿತ್ತು: ಖನಿಜದ ರಾಜಧನ ಮತ್ತು ಬಾಡಿಗೆಯ ಶೇ 50ರಷ್ಟು ಅದು ದೊರೆತ ಪ್ರಾಂತಕ್ಕೆ ಸೇರಬೇಕು. ಆಗ ದೇಶದ ಆದಾಯ ಬರುತ್ತಿದ್ದುದು ಮುಖ್ಯವಾಗಿ ಉತ್ತರದ ನೆಲಗಡಲೆ, ಪಶ್ಚಿಮದ ಕೋಕೋ, ಪೂರ್ವದ ತಾಳೆಎಣ್ಣೆಯಿಂದ. ಬೆಳೆದ ಪ್ರಾಂತಕ್ಕೆ ಬೆಳೆಯ ಲಾಭ ಎಂಬ ತತ್ವ ಹೌಸಾ-ಫುಲಾನಿ, ಯೊರುಬಾ, ಇಗ್ಬೊ ಎಂಬ ಮೂರು ದೊಡ್ಡ ಜನಾಂಗಗಳಿಗೂ ಅನುಕೂಲವಾಗಿತ್ತು. ಮುಖಜಭೂಮಿಯ ಇಜಾವ್, ಓಗೋನಿ, ಇಟ್ಸೆಕಿರಿ, ಉರ್ಹೋಬೊ ಮೊದಲಾದ ಸಣ್ಣ ಸಮುದಾಯಗಳು ಸ್ವಾತಂತ್ರ್ಯಕ್ಕೆ ಮೊದಲೇ ತಮ್ಮ ಆತಂಕವನ್ನು ಹೇಳಿಕೊಂಡಿದ್ದವು. ಅಲ್ಪಸಂಖ್ಯಾತರ ಭಯವನ್ನು ಪರಿಶೀಲಿಸಲು ನೇಮಕವಾಗಿದ್ದ ವಿಲಿಂಕ್ ಆಯೋಗ 1958ರಲ್ಲಿ ಆ ಭಯ ನಿಜವೆಂದು ಒಪ್ಪಿ, ಪ್ರತ್ಯೇಕ ರಾಜ್ಯದ ಬದಲಿಗೆ ಅಭಿವೃದ್ಧಿ ಮಂಡಳಿಯೊಂದನ್ನು ಶಿಫಾರಸು ಮಾಡಿತು. ಅಧಿಕಾರ ಕೇಳಿದವರಿಗೆ ಮಂಡಳಿ ಸಿಕ್ಕಿದ್ದು ಅದೇ ಮೊದಲು.

ತೈಲ ಪ್ರಮುಖವಾಗುತ್ತಿದ್ದಂತೆ ನಿಯಮ ಬದಲಾಯಿತು. 1966ರ ಫೆಬ್ರವರಿಯಲ್ಲಿ ಐಸಾಕ್ ಅಡಾಕಾ ಬೊರೊ ಎಂಬ ಇಜಾವ್ ಯುವಕ ಸುಮಾರು ನೂರೈವತ್ತು ಸಂಗಾತಿಗಳೊಂದಿಗೆ ‘ನೈಜರ್ ಡೆಲ್ಟಾ ಗಣರಾಜ್ಯ’ ಘೋಷಿಸಿ, ಹನ್ನೆರಡೇ ದಿನಗಳಲ್ಲಿ ಸೋತ. ಮರುವರ್ಷ ಪೂರ್ವ ಪ್ರಾಂತ ಬಿಯಾಫ್ರಾ ಎಂಬ ಹೆಸರಿನಲ್ಲಿ ಪ್ರತ್ಯೇಕ ದೇಶವಾಗಲು ಹೊರಟಾಗ ಬಿಯಾಫ್ರಾ ಯುದ್ಧ ಆರಂಭವಾಗಿ 1970ರವರೆಗೆ ನಡೆಯಿತು. ಆ ಯುದ್ಧದ ಕಾರಣಗಳು ಹಲವು, ಆದರೆ ತೈಲಪ್ರದೇಶ ಯಾರ ಗಡಿಯೊಳಗೆ ಬೀಳುತ್ತದೆ ಎಂಬ ಲೆಕ್ಕ ಎರಡೂ ಪಕ್ಷಗಳ ಮನಸ್ಸಿನಲ್ಲಿತ್ತು. ಯುದ್ಧದ ನಡುವೆಯೇ, 1969ರಲ್ಲಿ, ಸೇನಾ ಸರ್ಕಾರ ಹೊರಡಿಸಿದ ಪೆಟ್ರೋಲಿಯಂ ಸುಗ್ರೀವಾಜ್ಞೆ ನೆಲದಡಿಯ ತೈಲವೆಲ್ಲ ಕೇಂದ್ರದ ಸ್ವತ್ತು ಎಂದಿತು. 1978ರ ಭೂಬಳಕೆ ಕಾಯ್ದೆ ರಾಜ್ಯದ ಭೂಮಿಯನ್ನು ಆಯಾ ರಾಜ್ಯಪಾಲರ ಹೆಸರಿಗೆ ವಹಿಸಿತು. ಇವೆರಡರ ಪರಿಣಾಮ ರೈತನ ಮಟ್ಟದಲ್ಲಿ ಹೀಗೆ: ಅವನ ಹೊಲದ ಮೂಲಕ ಕೊಳವೆ ಹಾದುಹೋದರೆ ಬೆಳೆಗೆ, ಮರಕ್ಕೆ, ಕಟ್ಟಡಕ್ಕೆ ಪರಿಹಾರ ಕೇಳಬಹುದು; ನೆಲದ ಬೆಲೆ ಕೇಳುವಂತಿಲ್ಲ, ಕೊಳವೆ ಬೇಡವೆನ್ನುವಂತೆಯೂ ಇಲ್ಲ.

ಮೂಲಪ್ರದೇಶದ ಪಾಲು ಶೇ 50ರಿಂದ 1970ರಲ್ಲಿ ಶೇ 45ಕ್ಕೆ, 1975ರಲ್ಲಿ ಶೇ 20ಕ್ಕೆ, 1980ರ ದಶಕದ ಆರಂಭದಲ್ಲಿ ಶೇ 1.5ಕ್ಕೆ ಕುಸಿಯಿತು. 1992ರಲ್ಲಿ ಅದು ಶೇ 3 ಆಯಿತು. 1999ರ ಸಂವಿಧಾನ ಕನಿಷ್ಠ ಶೇ 13 ಎಂದು ನಿಗದಿ ಮಾಡಿತು, ಇಂದಿಗೂ ಅದೇ ಜಾರಿಯಲ್ಲಿದೆ. ದೊಡ್ಡ ಜನಾಂಗಗಳ ಬೆಳೆ ದೇಶವನ್ನು ಸಾಕುತ್ತಿದ್ದಾಗ ಅರ್ಧ ಪಾಲು ನ್ಯಾಯವಾಗಿತ್ತು, ಸಣ್ಣ ಸಮುದಾಯಗಳ ತೈಲ ಸಾಕತೊಡಗಿದಾಗ ಅದೇ ನ್ಯಾಯ ದೇಶದ ಐಕ್ಯಕ್ಕೆ ಅಡ್ಡಿಯಾಗಿ ಕಂಡಿತು ಎಂಬ ದೂರನ್ನು ಸಾರೋ-ವಿವಾ ಅವರಂಥವರು ಎತ್ತಿದಾಗ ಅದಕ್ಕೆ ಸಮರ್ಪಕ ಉತ್ತರ ಸಿಗಲಿಲ್ಲ. ತೈಲವಿಲ್ಲದ, ಜನಸಂಖ್ಯೆ ಹೆಚ್ಚಿರುವ ರಾಜ್ಯಗಳ ವಾದದಲ್ಲೂ ಹುರುಳಿದೆ: ಖನಿಜ ಇಡೀ ದೇಶದ್ದು, ಭೂಗರ್ಭದ ಅದೃಷ್ಟ ಕೆಲವರ ಆಸ್ತಿಯಾಗಬಾರದು ಎಂಬುದನ್ನು ಸುಲಭವಾಗಿ ಅಲ್ಲಗಳೆಯಲಾಗದು. ಆದರೆ ಎಣ್ಣೆ ಇಡೀ ದೇಶದ್ದಾದರೆ ಸೋರಿದ ಎಣ್ಣೆಯೂ ಇಡೀ ದೇಶದ್ದಾಗಬೇಕಿತ್ತು. ಅದು ಮಾತ್ರ ಸ್ಥಳೀಯರ ಪಾಲಿಗೇ ಉಳಿಯಿತು.

ಓಗೋನಿಗಳ ಪ್ರಕರಣ ಇದನ್ನು ಎಲ್ಲಕ್ಕಿಂತ ನಿಚ್ಚಳವಾಗಿ ತೋರಿಸುತ್ತದೆ. ರಿವರ್ಸ್ ರಾಜ್ಯದಲ್ಲಿ ಸುಮಾರು ಒಂದು ಸಾವಿರ ಚದರ ಕಿಲೋಮೀಟರಿನ ಸಣ್ಣ ಪ್ರದೇಶ. ಮರಗೆಣಸು ಬೆಳೆಯುವ, ಕಾಂಡ್ಲಾ ಕಾಡಿನ ನೀರಿನಲ್ಲಿ ಮೀನು ಹಿಡಿಯುವ ಜನ. 1958ರಲ್ಲಿ ಅಲ್ಲಿ ತೈಲ ಸಿಕ್ಕಿತು. 1990ರ ಆಗಸ್ಟ್‌ನಲ್ಲಿ ಬೋರಿ ಪಟ್ಟಣದಲ್ಲಿ ಅವರ ಮುಖಂಡರು ಸಹಿ ಮಾಡಿದ ಹಕ್ಕುಗಳ ಮಸೂದೆ ಪ್ರತ್ಯೇಕ ದೇಶವನ್ನು ಕೇಳಲಿಲ್ಲ. ನೈಜೀರಿಯಾದ ಒಳಗೇ ರಾಜಕೀಯ ಸ್ವಾಯತ್ತೆ, ತಮ್ಮ ಸಂಪನ್ಮೂಲದ ನ್ಯಾಯವಾದ ಪಾಲಿನ ನಿಯಂತ್ರಣ ಮತ್ತು ಬಳಕೆ, ತಮ್ಮ ಭಾಷೆಗಳ ಬೆಳವಣಿಗೆ, ಪರಿಸರವನ್ನು ಇನ್ನಷ್ಟು ಹಾಳಾಗದಂತೆ ಕಾಪಾಡಿಕೊಳ್ಳುವ ಹಕ್ಕು ಅದರ ಬೇಡಿಕೆಗಳು. ಅಲ್ಲಿ ‘ಪಾಲು’ ಎಂಬುದರ ಜೊತೆಗೇ ‘ನಿಯಂತ್ರಣ’ ಎಂಬ ಪದವಿದೆ ಎಂಬುದನ್ನು ಗಮನಿಸಬೇಕು. 1993ರ ಜನವರಿ 4ರಂದು ಸುಮಾರು ಮೂರು ಲಕ್ಷ ಜನ, ಅಂದರೆ ಆ ಸಮುದಾಯದ ಅರ್ಧಕ್ಕಿಂತ ಹೆಚ್ಚು ಮಂದಿ, ಕೈಯಲ್ಲಿ ಹಸಿರು ರೆಂಬೆ ಹಿಡಿದು ಶಾಂತವಾಗಿ ನಡೆದರು. ಅದೇ ವರ್ಷ ಶೆಲ್ ಅಲ್ಲಿಂದ ಹೊರಬಂದಿತು.

ಮುಂದಿನದು ದುರಂತ. 1994ರ ಮೇ 21ರಂದು ಚಳವಳಿಯ ದಾರಿಯ ಬಗ್ಗೆ ಭಿನ್ನಾಭಿಪ್ರಾಯ ಹೊಂದಿದ್ದ ನಾಲ್ವರು ಓಗೋನಿ ಮುಖಂಡರನ್ನು ಗುಂಪೊಂದು ಕೊಂದಿತು. ಆ ನಾಲ್ವರ ಸಾವನ್ನು ಮರೆತು ಈ ಕಥೆಯನ್ನು ಹೇಳುವುದು ಅಪ್ರಾಮಾಣಿಕತೆ; ಸಮುದಾಯದೊಳಗಿನ ಆ ಗಾಯ ಇಂದಿಗೂ ಪೂರ್ತಿ ಮಾಗಿಲ್ಲ. ಸರ್ಕಾರ ಆ ಕೊಲೆಗಳ ಹೊಣೆಯನ್ನು, ಅಂದು ಸ್ಥಳದಲ್ಲೇ ಇರದ ಸಾರೋ-ವಿವಾ ಅವರ ಮೇಲೆ ಹೊರಿಸಿ, ಮೇಲ್ಮನವಿಗೆ ಅವಕಾಶವಿಲ್ಲದ ವಿಶೇಷ ನ್ಯಾಯಮಂಡಳಿಯ ಮುಂದೆ ನಿಲ್ಲಿಸಿತು. ಗಲ್ಲಿನ ಮರುದಿನವೇ ಕಾಮನ್‌ವೆಲ್ತ್ ಒಕ್ಕೂಟ ನೈಜೀರಿಯಾವನ್ನು ಅಮಾನತು ಮಾಡಿತು. 2009ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯದಲ್ಲಿದ್ದ ಮೊಕದ್ದಮೆಯನ್ನು ಶೆಲ್ 1.55 ಕೋಟಿ ಡಾಲರ್ ಕೊಟ್ಟು, ತಪ್ಪನ್ನು ಒಪ್ಪಿಕೊಳ್ಳದೆ, ಇತ್ಯರ್ಥ ಮಾಡಿಕೊಂಡಿತು.

ಉತ್ಪಾದನೆ ನಿಂತರೂ ಮಾಲಿನ್ಯ ನಿಲ್ಲಲಿಲ್ಲ. ಬೇರೆಡೆಯ ತೈಲವನ್ನು ಬೋನಿ ರಫ್ತು ಕೇಂದ್ರಕ್ಕೆ ಸಾಗಿಸುವ ಟ್ರಾನ್ಸ್-ನೈಜರ್ ಕೊಳವೆಮಾರ್ಗ ಓಗೋನಿ ನೆಲದ ಮೂಲಕವೇ ಹಾದುಹೋಗುತ್ತದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಹದಿನಾಲ್ಕು ತಿಂಗಳು ಅಧ್ಯಯನ ನಡೆಸಿ 2011ರ ಆಗಸ್ಟ್‌ನಲ್ಲಿ ಕೊಟ್ಟ ವರದಿಯ ಒಂದು ಪ್ರಸಂಗವನ್ನು ಹತ್ತಿರದಿಂದ ನೋಡಬೇಕು. ನಿಸಿಸಿಯೋಕೆನ್ ಓಗಾಲೆ ಎಂಬ ಊರಿನಲ್ಲಿ ಜನ ಕುಡಿಯುತ್ತಿದ್ದ ಬಾವಿನೀರಿನಲ್ಲಿ ಬೆಂಜೀನ್ ಎಂಬ ಕ್ಯಾನ್ಸರ್‌ಕಾರಕ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಿಂತ 900 ಪಟ್ಟು ಹೆಚ್ಚಾಗಿತ್ತು. ಅಂತರ್ಜಲದ ಮೇಲೆ 8 ಸೆಂಟಿಮೀಟರ್ ದಪ್ಪದ ಸಂಸ್ಕರಿತ ಎಣ್ಣೆಯ ಪದರ ತೇಲುತ್ತಿತ್ತು, ಅಂದರೆ ಕೈಯ ನಾಲ್ಕು ಬೆರಳುಗಳನ್ನು ಜೋಡಿಸಿ ಹಿಡಿದಷ್ಟು ದಪ್ಪ. ನೀರಿಗೆ ವಾಸನೆ ಇದೆಯೆಂದು ಊರಿನವರಿಗೆ ಗೊತ್ತಿತ್ತು. ಬೇರೆ ನೀರಿಲ್ಲದ್ದರಿಂದ ಅದನ್ನೇ ಬಳಸುತ್ತಿದ್ದರು. ಮೇಲ್ನೋಟಕ್ಕೆ ಹಸಿರಾಗಿ ಕಾಣುವ ಹಲವೆಡೆ ಮಣ್ಣಿನಲ್ಲಿ 5 ಮೀಟರಿಗೂ ಹೆಚ್ಚು ಆಳದವರೆಗೆ ಎಣ್ಣೆ ಇಳಿದಿತ್ತು. ಶುದ್ಧೀಕರಣಕ್ಕೆ 25ರಿಂದ 30 ವರ್ಷ ಬೇಕು, ಮೊದಲ ಐದು ವರ್ಷಕ್ಕೇ 100 ಕೋಟಿ ಡಾಲರ್ ಬೇಕು ಎಂದು ವರದಿ ಹೇಳಿತು. ಕೆಲಸಕ್ಕೆ ವಿಧ್ಯುಕ್ತ ಚಾಲನೆ ಸಿಕ್ಕಿದ್ದು 2016ರಲ್ಲಿ, ಐದು ವರ್ಷ ಕಳೆದ ಮೇಲೆ.

ನಿಯಂತ್ರಣ ಎಂದರೆ ಬಾವಿಯ ಒಡೆತನವೊಂದೇ ಅಲ್ಲ, ಅಳೆಯುವ ಅಧಿಕಾರವೂ ಹೌದು ಎಂಬುದು ಓಗೋನಿ ನೆಲದ ಬೋಡೊ ಊರಿನ ಅನುಭವದಿಂದ ತಿಳಿಯುತ್ತದೆ. ನೈಜೀರಿಯಾದಲ್ಲಿ ತೈಲ ಸೋರಿದರೆ ಕಂಪನಿ, ಸರ್ಕಾರದ ನಿಯಂತ್ರಣ ಸಂಸ್ಥೆ, ಊರಿನ ಪ್ರತಿನಿಧಿಗಳು ಒಟ್ಟಾಗಿ ಸ್ಥಳಕ್ಕೆ ಹೋಗಿ ಜಂಟಿ ಪರಿಶೀಲನೆಯ ನಮೂನೆ ತುಂಬಬೇಕು. ಎಷ್ಟು ಸೋರಿತು, ಏಕೆ ಸೋರಿತು ಎಂಬ ಎರಡು ಅಂಕಣಗಳು ಎಲ್ಲವನ್ನೂ ನಿರ್ಧರಿಸುತ್ತವೆ. ಕಾರಣ ‘ವಿಧ್ವಂಸಕ ಕೃತ್ಯ’ ಎಂದು ದಾಖಲಾದರೆ ಕಾನೂನಿನ ಪ್ರಕಾರ ಊರಿಗೆ ಪರಿಹಾರ ಇಲ್ಲ. ಆದರೆ ಸ್ಥಳ ತಲುಪುವ ಸಾಧನ, ಅಳೆಯುವ ಉಪಕರಣ, ಒತ್ತಡದ ದಾಖಲೆ, ಪರಿಣತರು ಎಲ್ಲವೂ ಬಹುಮಟ್ಟಿಗೆ ಕಂಪನಿಯವೇ. 2008ರಲ್ಲಿ ಬೋಡೊದಲ್ಲಿ ಎರಡು ಬಾರಿ ಕೊಳವೆ ಬಿರಿದು ವಾರಗಟ್ಟಲೆ ಎಣ್ಣೆ ಹರಿಯಿತು. ಮೊದಲ ಸೋರಿಕೆ 1,640 ಬ್ಯಾರೆಲ್ ಎಂದು ಅಧಿಕೃತ ದಾಖಲೆ ಹೇಳಿತು. ಆಮ್ನೆಸ್ಟಿ ಸಂಸ್ಥೆಯ ಕೋರಿಕೆಯ ಮೇಲೆ ದೃಶ್ಯ ಚಿತ್ರಣವನ್ನು ಪರಿಶೀಲಿಸಿದ ಸ್ವತಂತ್ರ ತಜ್ಞರ ಅಂದಾಜು ಒಂದು ಲಕ್ಷ ಬ್ಯಾರೆಲಿಗೂ ಹೆಚ್ಚು. ಮರುವರ್ಷ ಪರಿಹಾರ ಸಾಮಗ್ರಿಯೆಂದು ಊರಿಗೆ ಬಂದದ್ದು ಅಕ್ಕಿ, ಬೀನ್ಸ್ ಕಾಳಿನ ಐವತ್ತೈವತ್ತು ಚೀಲ, ಒಂದಿಷ್ಟು ಸಕ್ಕರೆ, ಟೊಮ್ಯಾಟೊ ಮತ್ತು ಅಡುಗೆ ಎಣ್ಣೆ. ಲಂಡನ್ನಿನ ನ್ಯಾಯಾಲಯದ ಮೆಟ್ಟಿಲೇರಿದ ಬಳಿಕ, ಮೊದಲು ಹೇಳಿದ ಪ್ರಮಾಣ ಕಡಿಮೆಯಾಗಿತ್ತೆಂದು ಶೆಲ್ ಕಂಪನಿ ಒಪ್ಪಿಕೊಂಡಿತು, 2015ರಲ್ಲಿ 5.5 ಕೋಟಿ ಪೌಂಡುಗಳಿಗೆ ಇತ್ಯರ್ಥವಾಯಿತು. ಕಾಂಡ್ಲಾ ಬೇರುಗಳ ನಡುವಿನ ಕೆಸರಿನಲ್ಲಿ ಚಿಪ್ಪು ಹೆಕ್ಕಿ ಮಾರುತ್ತಿದ್ದ ಹೆಂಗಸರು, ಬಲೆ ಬೀಸುತ್ತಿದ್ದ ಗಂಡಸರು ತಮ್ಮ ನಷ್ಟವನ್ನು ಸಾಬೀತು ಮಾಡಲು ಪರದೇಶದ ಕೋರ್ಟಿನವರೆಗೆ ಹೋಗಬೇಕಾಯಿತು.

ಅದಕ್ಕೊಂದು ರಚನಾತ್ಮಕ ಕಾರಣವಿದೆ. ಒಳನಾಡಿನ ಬಹುತೇಕ ಬಾವಿಗಳನ್ನು ನಡೆಸಿದ್ದು ಜಂಟಿ ಉದ್ಯಮ. ಶೆಲ್ ನಡೆಸುತ್ತಿದ್ದ ಮುಖ್ಯ ಉದ್ಯಮದಲ್ಲಿ ನೈಜೀರಿಯಾದ ರಾಷ್ಟ್ರೀಯ ತೈಲ ಸಂಸ್ಥೆಯ ಪಾಲು ಶೇ 55, ಶೆಲ್‌ನದು ಶೇ 30. ಹೀಗಾಗಿ ಪಾಲುದಾರನೂ ಸರ್ಕಾರ, ಪರವಾನಗಿ ಕೊಡುವವನೂ ಸರ್ಕಾರ, ದಂಡ ಹಾಕಬೇಕಾದವನೂ ಸರ್ಕಾರ. ತೈಲದೊಡನೆ ಬರುವ ಅನಿಲವನ್ನು ಬಯಲಿನಲ್ಲಿ ಸುಡುವುದನ್ನು 1984ರೊಳಗೆ ನಿಲ್ಲಿಸಬೇಕೆಂಬ ಕಾನೂನು 1979ರಲ್ಲೇ ಬಂದಿತ್ತು. ಸುಡುವಿಕೆ ಜೀವಿಸುವ ಹಕ್ಕಿಗೆ ವಿರುದ್ಧವೆಂದು 2005ರಲ್ಲಿ ಬೆನಿನ್ ನಗರದ ಕೇಂದ್ರೀಯ ಉಚ್ಚ ನ್ಯಾಯಾಲಯ ತೀರ್ಪಿತ್ತಿತು. ಜ್ವಾಲೆಗಳು ಈಗಲೂ ಉರಿಯುತ್ತಿವೆ. ಕೆಲವು ಊರುಗಳಲ್ಲಿ ಹೆಂಗಸರು ಆ ಜ್ವಾಲೆಯ ಝಳದಲ್ಲೇ ಮರಗೆಣಸಿನ ಚೂರುಗಳನ್ನು ಹರವಿ ಒಣಗಿಸುತ್ತಾರೆ. ಬಿಸಿಲಿಗೆ ದಿನಗಟ್ಟಲೆ ಕಾಯುವ ಬದಲು ಗಂಟೆಗಳಲ್ಲಿ ಒಣಗುತ್ತದೆ, ಸೌದೆಯ ಖರ್ಚಿಲ್ಲ. ಆ ಹೊಗೆಯನ್ನೇ ಅವರು ಉಸಿರಾಡುತ್ತಾರೆ.

ಇನ್ನು ಹಣದ ವಿಷಯ. ಶೇ 13ರ ಪಾಲು ಸೇರುವುದು ರಾಜ್ಯ ಸರ್ಕಾರಗಳ ಖಜಾನೆಗೆ, ಬಾವಿಯಿರುವ ಊರಿಗಲ್ಲ. ಬಾಯೆಲ್ಸಾದ ರಾಜ್ಯಪಾಲರಾಗಿದ್ದ (ಅಲ್ಲಿ ರಾಜ್ಯಪಾಲರೆಂದರೆ ರಾಜ್ಯ ಸರ್ಕಾರ ನಡೆಸುವ ಚುನಾಯಿತ ಮುಖ್ಯಸ್ಥರು) ಡಿಪ್ರಿಯೆ ಅಲಾಮೆಯೆಸೆಘಾ 2005ರಲ್ಲಿ ಲಂಡನ್ನಿನಲ್ಲಿ ಬಂಧಿತರಾದರು. ಡೆಲ್ಟಾ ರಾಜ್ಯದ ಜೇಮ್ಸ್ ಇಬೋರಿ ಅವರಿಗೆ 2012ರಲ್ಲಿ ಬ್ರಿಟನ್ನಿನ ನ್ಯಾಯಾಲಯ ಹಣದ ಅಕ್ರಮ ವರ್ಗಾವಣೆಗಾಗಿ 13 ವರ್ಷ ಶಿಕ್ಷೆ ವಿಧಿಸಿತು. 2000ರಲ್ಲಿ ರಚನೆಯಾದ ನೈಜರ್ ಡೆಲ್ಟಾ ಅಭಿವೃದ್ಧಿ ಆಯೋಗದ ಲೆಕ್ಕ ತಪಾಸಣೆ 2021ರಲ್ಲಿ ಮುಗಿದಾಗ 13,777 ಯೋಜನೆಗಳ, ಸುಮಾರು 6 ಲಕ್ಷ ಕೋಟಿ ನೈರಾ ಮೊತ್ತದ ವ್ಯವಹಾರ ಪ್ರಶ್ನೆಗೊಳಗಾಯಿತು. ಅರ್ಧಕ್ಕೆ ನಿಂತ ರಸ್ತೆ, ನಲ್ಲಿಯಲ್ಲಿ ನೀರಿಲ್ಲದ ನೀರಿನ ಟ್ಯಾಂಕು ಇವೆಲ್ಲ ನಮ್ಮ ಓದುಗರಿಗೆ ವಿವರಿಸಬೇಕಾದ ಸಂಗತಿಗಳಲ್ಲ.

ಮೇಲಿನವರ ಪಾಲು ಕಂಡ ಯುವಕರು ತಮ್ಮ ಪಾಲಿಗೆ ಬೇರೆ ದಾರಿ ಹಿಡಿದರು. 1998ರ ಡಿಸೆಂಬರ್ 11ರಂದು ಇಜಾವ್ ಯುವಕರು ಕಾಯಾಮಾದಲ್ಲಿ ಹೊರಡಿಸಿದ ಘೋಷಣೆ, ತಮ್ಮ ನೆಲದ ಸಂಪತ್ತು ತಮ್ಮದೆಂದೂ ಕಂಪನಿಗಳು ಹೊರಡಬೇಕೆಂದೂ ಸಾರಿತು. ಅದು ರಾಜಕೀಯ ಬೇಡಿಕೆಯೇ ಆಗಿತ್ತು. ಸೇನೆಯ ಉತ್ತರ ಕಠಿಣವಾಗಿತ್ತು. ಕೆಲವು ಪೊಲೀಸರ ಕೊಲೆಯ ಬೆನ್ನಿಗೆ 1999ರ ನವೆಂಬರ್‌ನಲ್ಲಿ ಓಡಿ ಎಂಬ ಪಟ್ಟಣವನ್ನು ಸೈನಿಕರು ಬಹುತೇಕ ನೆಲಸಮ ಮಾಡಿದರು. 2002ರ ಜುಲೈನಲ್ಲಿ ಎಸ್ಕ್ರಾವೋಸ್‌ನ ತೈಲ ರಫ್ತು ಕೇಂದ್ರವನ್ನು ಸುತ್ತಲ ಹಳ್ಳಿಗಳ ನೂರಾರು ಹೆಂಗಸರು ದೋಣಿಗಳಲ್ಲಿ ಬಂದು ಸುಮಾರು ಹತ್ತು ದಿನ ವಶದಲ್ಲಿಟ್ಟುಕೊಂಡರು. ಕೈಯಲ್ಲಿ ಆಯುಧವಿರಲಿಲ್ಲ, ಬಲವಂತವಾಗಿ ಹೊರಹಾಕಿದರೆ ಬೆತ್ತಲಾಗುತ್ತೇವೆಂಬುದೇ ಅವರ ಬೆದರಿಕೆ, ಆ ನಾಡಿನಲ್ಲಿ ತಾಯಂದಿರ ಬೆತ್ತಲೆ ನೋಡಿದವರಿಗೆ ಶಾಪ ತಟ್ಟುತ್ತದೆಂಬ ನಂಬಿಕೆಯಿದೆ. ಹಗಲಿರುಳು ದೀಪ ಉರಿಯುವ ಕೇಂದ್ರದ ಎದುರು ದಡದಲ್ಲಿ ಕರೆಂಟಿಲ್ಲದ ಊರು. ಮಕ್ಕಳಿಗೆ ಕೆಲಸ, ಊರಿಗೆ ವಿದ್ಯುತ್ತು, ನೀರು, ಶಾಲೆ ಎಂಬ ಅವರ ಬೇಡಿಕೆಗೆ ಕೇಂದ್ರ ನಡೆಸುತ್ತಿದ್ದ ಶೆವ್ರಾನ್ ಕಂಪನಿ ಲಿಖಿತ ಭರವಸೆ ಕೊಟ್ಟಿತು.

2006ರಿಂದ ‘ಮೆಂಡ್’ ಎಂಬ ಸಶಸ್ತ್ರ ಕೂಟ ವಿದೇಶಿ ಕೆಲಸಗಾರರ ಅಪಹರಣ, ಕೊಳವೆಗಳ ಸ್ಫೋಟಕ್ಕಿಳಿದು ದೇಶದ ಉತ್ಪಾದನೆಯನ್ನು ತೀವ್ರವಾಗಿ ಕುಗ್ಗಿಸಿತು. 2009ರಲ್ಲಿ ಅಧ್ಯಕ್ಷ ಉಮಾರು ಯಾರ್ ಅದುವಾ ಶರಣಾದವರಿಗೆ ಸಾರ್ವತ್ರಿಕ ಕ್ಷಮೆ ನೀಡಿದರು. ಸುಮಾರು 30,000 ಮಂದಿ ತಿಂಗಳಿಗೆ 65,000 ನೈರಾ ಭತ್ಯೆಯ ಪಟ್ಟಿಗೆ ಸೇರಿದರು. ದಾಳಿಗಳು ನಿಂತವು ಎಂಬುದು ಸಣ್ಣ ಸಾಧನೆಯಲ್ಲ, ಸಾವುಗಳು ತಪ್ಪಿದವು. ಆದರೆ ಬಂದೂಕು ಹಿಡಿದವನಿಗೆ ಮಾಸಿಕ ಭತ್ಯೆ, ಹಿಡಿಯದೆ ಮೀನು ಹಿಡಿದವನಿಗೆ ಎಣ್ಣೆ ಬಳಿದ ಬಲೆ ಎಂಬ ಪಾಠವನ್ನೂ ಆ ಯೋಜನೆ ಕಲಿಸಿತು. 2016ರಲ್ಲಿ ಭತ್ಯೆಗೆ ಕತ್ತರಿ ಬಿದ್ದಾಗ ‘ನೈಜರ್ ಡೆಲ್ಟಾ ಅವೆಂಜರ್ಸ್’ ಎಂಬ ಹೊಸ ಗುಂಪು ಫೊರ್ಕಾಡೋಸ್‌ನ ಸಮುದ್ರದಡಿಯ ಕೊಳವೆಯನ್ನೇ ಸ್ಫೋಟಿಸಿತು. 2022ರಲ್ಲಿ ಸರ್ಕಾರ, ಮೆಂಡ್ ಕಾಲದ ಪ್ರಮುಖ ದಳಪತಿ ಟೊಂಪೊಲೊ ಅವರೊಂದಿಗೆ ನಂಟಿರುವ ಖಾಸಗಿ ಸಂಸ್ಥೆಗೆ ಕೊಳವೆಮಾರ್ಗ ಕಾವಲಿನ ಗುತ್ತಿಗೆ ಕೊಟ್ಟಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಫೊರ್ಕಾಡೋಸ್‌ನಿಂದ ಸಮುದ್ರದವರೆಗೆ ಹಾಕಿದ್ದ, ಒಂಬತ್ತು ವರ್ಷ ಯಾರ ಕಣ್ಣಿಗೂ ಬೀಳದಿದ್ದ 4 ಕಿಲೋಮೀಟರ್ ಉದ್ದದ ಕಳ್ಳ ಕೊಳವೆ ಪತ್ತೆಯಾಯಿತು. ನಾಲ್ಕು ಕಿಲೋಮೀಟರ್ ಕೊಳವೆಯನ್ನು ಬಡ ಹಳ್ಳಿಗರು ಹಾಕಲಾರರು, ಹಡಗುಗಳಿಗೆ ತುಂಬಿಸಿ ಮಾರಲಾರರು.

ಹಳ್ಳಿಗರು ಮಾಡುವ ಕಳವು ಬೇರೆ ಬಗೆಯದು. ಕೊಳವೆಗೆ ತೂತು ಕೊರೆದು ತಂದ ಕಚ್ಚಾತೈಲವನ್ನು ಕಾಂಡ್ಲಾ ಕಾಡಿನ ಮರೆಯಲ್ಲಿ ಕಬ್ಬಿಣದ ಡ್ರಮ್ಮುಗಳಲ್ಲಿ ಕುದಿಸಿ, ಆವಿಯನ್ನು ನೀರಿನಲ್ಲಿ ತಂಪು ಮಾಡಿದ ನಳಿಗೆಯ ಮೂಲಕ ಇಳಿಸಿ, ಡೀಸೆಲ್, ಸೀಮೆಎಣ್ಣೆ ತೆಗೆಯುತ್ತಾರೆ. ವಿಧಾನ ಸ್ಥಳೀಯವಾಗಿ ಸಾರಾಯಿ ಬಟ್ಟಿ ಇಳಿಸುವ ವಿದ್ಯೆಯದೇ. ಅಲ್ಲಿಯವರು ಇದನ್ನು ‘ಕ್ಪೊ-ಫೈರ್’ ಎನ್ನುತ್ತಾರೆ. ಉಳಿದ ಡಾಂಬರಿನಂಥ ಗಸಿ ನೀರಿಗೆ ಹೋಗುತ್ತದೆ, ಕರಿಮಸಿ ಪೋರ್ಟ್ ಹಾರ್ಕೋರ್ಟ್ ನಗರದ ಮನೆಗಳ ನೆಲದ ಮೇಲೆ ಬಂದು ಕೂರುತ್ತದೆ. 2022ರ ಏಪ್ರಿಲ್‌ನಲ್ಲಿ ಇಮೊ ರಾಜ್ಯದ ಇಂಥ ಒಂದು ಅಡ್ಡೆಯಲ್ಲಿ ನಡೆದ ಸ್ಫೋಟದಲ್ಲಿ ನೂರಕ್ಕೂ ಹೆಚ್ಚು ಮಂದಿ ಸುಟ್ಟುಹೋದರು. ಇದನ್ನು ಪ್ರತಿಭಟನೆಯೆಂದು ವೈಭವೀಕರಿಸಲು ನಾನು ಸಿದ್ಧನಿಲ್ಲ, ಅದು ನೆರೆಯವರ ನೀರಿಗೆ ವಿಷ ಹಾಕುವ ಕೆಲಸ. ಆದರೆ ಮೀನುಗಾರಿಕೆ ಕೆಟ್ಟ ಮೇಲೆ ಉಳಿದಿರುವ ಉದ್ಯೋಗಗಳು ಯಾವುವು ಎಂದು ಕೇಳದೆ ಅದನ್ನು ಕೇವಲ ಅಪರಾಧವೆಂದು ಬಗೆದರೆ ಸೇನೆ ಡ್ರಮ್ಮು ಸುಡುತ್ತಲೇ ಇರಬೇಕಾಗುತ್ತದೆ.

2021ರ ಆಗಸ್ಟ್‌ನಲ್ಲಿ, ಸುಮಾರು ಎರಡು ದಶಕಗಳ ಎಳೆದಾಟದ ಬಳಿಕ, ಪೆಟ್ರೋಲಿಯಂ ಉದ್ಯಮ ಕಾಯ್ದೆ ಜಾರಿಗೆ ಬಂದಿತು. ಬಾವಿಯಿರುವ ಊರುಗಳಿಗೆ ನೇರವಾಗಿ ಹಣ ತಲುಪಿಸುವ ಯತ್ನ ಇದರಲ್ಲಿ ಮೊದಲ ಬಾರಿಗೆ ಇದೆ: ಕಂಪನಿ ತನ್ನ ಹಿಂದಿನ ವರ್ಷದ ನಿರ್ವಹಣಾ ವೆಚ್ಚದ ಶೇ 3ರಷ್ಟನ್ನು ಆತಿಥೇಯ ಸಮುದಾಯಗಳ ನಿಧಿಗೆ ಕೊಡಬೇಕು. ಸಮುದಾಯಗಳು ಕೇಳಿದ್ದು ಶೇ 10. ನಮ್ಮಲ್ಲಿ ಗಣಿ ಕಾಯ್ದೆಯ 2015ರ ತಿದ್ದುಪಡಿಯ ನಂತರ ಬಳ್ಳಾರಿಯಂಥ ಗಣಿ ಜಿಲ್ಲೆಗಳಿಗೆ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ ರಾಜಧನದ ಮೇಲೆ ಲೆಕ್ಕವಾಗುತ್ತದೆ, ಹಳೆಯ ಗುತ್ತಿಗೆಗಳಿಗೆ ಶೇ 30, ಹರಾಜಿನ ಗುತ್ತಿಗೆಗಳಿಗೆ ಶೇ 10. ಅದಿರಿನ ಬೆಲೆ ಏರಿದರೆ ಆ ನಿಧಿಯೂ ಏರುತ್ತದೆ. ನೈಜೀರಿಯಾದ ನಿಧಿ ತೈಲದ ಬೆಲೆಗೆ ಕಟ್ಟಿದ್ದಲ್ಲ, ಕಂಪನಿಯ ಖರ್ಚಿಗೆ ಕಟ್ಟಿದ್ದು. ಶೇಕಡಾವಾರಿಗಿಂತ ಮುಖ್ಯವಾದ ಇನ್ನೆರಡು ಅಂಶಗಳಿವೆ. ನಿಧಿಯನ್ನು ಸ್ಥಾಪಿಸುವುದೂ ಊರಿನವರೊಡನೆ ಸಮಾಲೋಚಿಸಿ ಅದರ ಧರ್ಮದರ್ಶಿಗಳ ಮಂಡಳಿಯನ್ನು ರೂಪಿಸುವುದೂ ಕಂಪನಿಯೇ. ವಿಧ್ವಂಸಕ ಕೃತ್ಯದಿಂದ ಉಪಕರಣ ಹಾಳಾದರೆ ದುರಸ್ತಿಯ ವೆಚ್ಚ ಆ ಊರಿನ ನಿಧಿಯಿಂದ ಕಡಿತವಾಗುತ್ತದೆ. ರಾತ್ರಿ ಬಂದೂಕು ಹಿಡಿದು ಬಂದವರು ಮಾಡಿದ ಹಾನಿಗೆ ಇಡೀ ಊರು ದಂಡ ತೆರಬೇಕೆನ್ನುವ ಈ ನಿಯಮ, ಸಶಸ್ತ್ರ ಸೇನೆಗೂ ಆಗದ ಕಾವಲನ್ನು ನಿಶ್ಶಸ್ತ್ರ ಜನರ ತಲೆಗೆ ಕಟ್ಟುತ್ತದೆ.

2025ರ ಮಾರ್ಚ್ 18ರಂದು ರಿವರ್ಸ್ ರಾಜ್ಯದಲ್ಲಿ ತುರ್ತುಪರಿಸ್ಥಿತಿ ಘೋಷಿಸಿ ಚುನಾಯಿತ ರಾಜ್ಯಪಾಲ ಸಿಮಿನಾಲಾಯಿ ಫುಬಾರಾ ಮತ್ತು ಶಾಸನಸಭೆಯನ್ನು ಆರು ತಿಂಗಳು ಅಮಾನತಿನಲ್ಲಿಟ್ಟದ್ದೂ ಇದೇ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ. ಮೂಲ ಜಗಳ ಹಾಲಿ ಮತ್ತು ಮಾಜಿ ರಾಜ್ಯಪಾಲರ ಬಣಗಳದ್ದು. ಆದರೆ ಘೋಷಣೆಗೆ ಮುನ್ನ ಟ್ರಾನ್ಸ್-ನೈಜರ್ ಕೊಳವೆಯಲ್ಲಿ ಸ್ಫೋಟ ಸಂಭವಿಸಿತ್ತು, ಅಧ್ಯಕ್ಷರು ಕೊಟ್ಟ ಕಾರಣಗಳಲ್ಲಿ ಅದೂ ಇತ್ತು. ರಾಜ್ಯದ ರಾಜಕೀಯ ಜಗಳ ಕೊಳವೆಯ ಹತ್ತಿರ ಬಂದ ಕೂಡಲೇ ಅದು ಕೇಂದ್ರದ ವಿಷಯವಾಗುತ್ತದೆ.

ಇಷ್ಟರ ನಡುವೆ ಹಳೆಯ ವಿದೇಶಿ ಕಂಪನಿಗಳು ಒಳನಾಡಿನಿಂದ, ಕರಾವಳಿಯಿಂದ ಹೊರಡುತ್ತಿವೆ. ಇಟಲಿಯ ಎನಿ ತನ್ನ ಒಳನಾಡಿನ ಆಸ್ತಿಯನ್ನು ನೈಜೀರಿಯಾದ ಓಆಂಡೊಗೆ, ಅಮೆರಿಕದ ಎಕ್ಸಾನ್‌ಮೊಬಿಲ್ ತನ್ನ ಆಳವಿಲ್ಲದ ಸಮುದ್ರದ ಆಸ್ತಿಯನ್ನು ನೈಜೀರಿಯಾದ ಸೆಪ್ಲಾಟ್‌ಗೆ 2024ರಲ್ಲಿ ವರ್ಗಾಯಿಸಿದವು. ಶೆಲ್ ತನ್ನ ಒಳನಾಡಿನ ಅಂಗಸಂಸ್ಥೆಯನ್ನು 2025ರ ಮಾರ್ಚ್‌ನಲ್ಲಿ ರೆನೆಸಾನ್ಸ್ ಎಂಬ ಕೂಟಕ್ಕೆ ಮಾರಿ, ತಾನು ಜನವಸತಿಯಿಂದ ದೂರದ ಆಳಸಮುದ್ರಕ್ಕೆ ಸರಿಯಿತು. ಕೊಂಡವರಲ್ಲಿ ಹೆಚ್ಚಿನವರು ನೈಜೀರಿಯನ್ನರು. ಉದ್ಯಮ ದೇಶೀಯರ ಕೈಗೆ ಬಂತೆಂದು ಹೆಮ್ಮೆಪಡುವವರಿದ್ದಾರೆ, ಆ ಹೆಮ್ಮೆ ಸಹಜ. ಊರಿನವರ ಪ್ರಶ್ನೆ ಬೇರೆ: ಐವತ್ತು, ಅರವತ್ತು ವರ್ಷಗಳ ಸೋರಿಕೆಯನ್ನು ತೊಳೆಯುವ ಹೊಣೆ ಮಾರಿದವನದೋ ಕೊಂಡವನದೋ? ಬಾಯೆಲ್ಸಾ ರಾಜ್ಯ ನೇಮಿಸಿದ್ದ, ಯಾರ್ಕ್‌ನ ಮಾಜಿ ಆರ್ಚ್‌ಬಿಷಪ್ ಜಾನ್ ಸೆಂಟಾಮು ಅಧ್ಯಕ್ಷತೆಯ ಆಯೋಗ 2023ರಲ್ಲಿ ಆ ಒಂದೇ ರಾಜ್ಯವನ್ನು ಶುದ್ಧಗೊಳಿಸಲು ಹನ್ನೆರಡು ವರ್ಷಗಳಲ್ಲಿ ಕನಿಷ್ಠ 1,200 ಕೋಟಿ ಡಾಲರ್ ಬೇಕೆಂದು ಅಂದಾಜಿಸಿದೆ. ಶೆಲ್‌ನ ಅಂಗಸಂಸ್ಥೆ ಕೈಬದಲಾದದ್ದು 130 ಕೋಟಿಯಿಂದ 240 ಕೋಟಿ ಡಾಲರಿನೊಳಗಿನ ಬೆಲೆಗೆ. ಮಾತೃಸಂಸ್ಥೆಯನ್ನು ಅದರ ತವರಿನಲ್ಲೇ ಹೊಣೆಗಾರನನ್ನಾಗಿಸಬಹುದೆಂದು ಬ್ರಿಟನ್ನಿನ ಸುಪ್ರೀಂ ಕೋರ್ಟು 2021ರ ಫೆಬ್ರವರಿಯಲ್ಲಿ ದಾರಿ ತೆರೆಯಿತು. ಅದೇ ವರ್ಷದ ಜನವರಿಯಲ್ಲಿ ನೆದರ್ಲೆಂಡ್ಸ್‌ನ ಹೇಗ್ ಮೇಲ್ಮನವಿ ನ್ಯಾಯಾಲಯ ನೈಜೀರಿಯಾದ ರೈತರ ಪರವಾಗಿ ತೀರ್ಪಿತ್ತಿತ್ತು. ಆ ದಾರಿ ಲಂಡನ್, ಹೇಗ್‌ಗಳಲ್ಲಿ ಮಾತೃಸಂಸ್ಥೆ ಇರುವವರೆಗಿನದು. ಒಡೆತನ ನೈಜೀರಿಯಾದ ಕಂಪನಿಗಳಿಗೆ ಬಂದ ಮೇಲೆ ನಡೆಯುವ ಸೋರಿಕೆಗೆ ಊರಿನವರು ಮತ್ತೆ, ಪಾಲುದಾರನೂ ಆಗಿರುವ ಸರ್ಕಾರದ ಮುಂದೆಯೇ ನಿಲ್ಲಬೇಕು.

ಈ ತೈಲದ ಖರೀದಿದಾರರ ಪೈಕಿ ನಾವೂ ಇದ್ದೇವೆ. ಅಮೆರಿಕದಲ್ಲಿ ಶೇಲ್ ತೈಲ ಹೆಚ್ಚಿ ಅಲ್ಲಿಯ ಕೊಳ್ಳುವಿಕೆ ತಗ್ಗಿದ ಮೇಲೆ, ಕಳೆದ ದಶಕದ ನಡುವಿನಲ್ಲಿ, ನೈಜೀರಿಯಾದ ಕಚ್ಚಾತೈಲದ ಅತಿದೊಡ್ಡ ಗ್ರಾಹಕನಾಗಿದ್ದು ಭಾರತ. ಬೋನಿ, ಫೊರ್ಕಾಡೋಸ್, ಎಸ್ಕ್ರಾವೋಸ್ ಎಂಬ ಹೆಸರುಗಳು ಸಂಸ್ಕರಣಾಗಾರಗಳ ಕಡತಗಳಲ್ಲಿ ಗಂಧಕ ಕಡಿಮೆಯಿರುವ ಉತ್ತಮ ತೈಲದ ದರ್ಜೆಗಳ ಹೆಸರುಗಳು. ಅವು ಜನ ಮೀನು ಹಿಡಿಯುವ ನೀರುಗಳ ಹೆಸರೂ ಹೌದು.

ಈಗ ಮತ್ತೆ ಓಗೋನಿಗೆ. ಮರುಚಾಲನೆಯ ಪರ ಇರುವ ಓಗೋನಿಗಳು ಇದ್ದಾರೆ, ಅವರ ವಾದ ಕೃತಕವಲ್ಲ: ಮೂವತ್ತು ವರ್ಷ ಬಾವಿ ಮುಚ್ಚಿದ್ದರಿಂದ ತಮಗೆ ಸಿಕ್ಕಿದ್ದೇನು, ಮಕ್ಕಳಿಗೆ ಕೆಲಸವಾದರೂ ಸಿಗಲಿ ಎನ್ನುತ್ತಾರೆ. ವಿರೋಧಿಸುವವರು ಮೊದಲು ಶುದ್ಧೀಕರಣ ಮುಗಿಯಲಿ, ನಿರ್ದೋಷಿಗಳೆಂಬ ಘೋಷಣೆ ಬರಲಿ ಎನ್ನುತ್ತಾರೆ. 2011ರ ವರದಿ ಹೇಳಿದ ಇನ್ನೊಂದು ಸಂಗತಿ ಈ ಚರ್ಚೆಯಲ್ಲಿ ಮರೆಯಾಗುತ್ತಿದೆ: 1993ರಲ್ಲಿ ಬಿಟ್ಟುಹೋದ ಬಾವಿಗಳು, ಕೊಳವೆಗಳು, ಸಂಗ್ರಹ ಕೇಂದ್ರಗಳನ್ನು ಕ್ರಮಬದ್ಧವಾಗಿ ಮುಚ್ಚಿ ತೆರವುಗೊಳಿಸಿರಲೇ ಇಲ್ಲ. ಅವೇ ಬಾವಿಗಳನ್ನು ತೆರೆಯುವ ಮಾತು ಈಗ ನಡೆದಿದೆ. ಮೇಜಿನ ಮೇಲೆ ಉದ್ಯೋಗವಿದೆ, ವಿಶ್ವವಿದ್ಯಾಲಯವಿದೆ, ನಿಧಿಯ ಶೇಕಡಾವಾರು ಇದೆ. ಕೊರೆಯುವ ಮೊದಲು ಊರಿನ ಒಪ್ಪಿಗೆ ಕಡ್ಡಾಯ ಎನ್ನುವ ಕಾನೂನು ಮಾತ್ರ ನೈಜೀರಿಯಾದಲ್ಲಿ ಇನ್ನೂ ಇಲ್ಲ. ಬೋರಿಯಲ್ಲಿ 1990ರಲ್ಲಿ ಸಹಿಯಾದ ಆ ಮಸೂದೆಯಲ್ಲಿ ‘ಬಳಕೆ’ಗೆ ಮುಂಚೆ ಬರೆದಿದ್ದ ‘ನಿಯಂತ್ರಣ’ ಎಂಬ ಪದಕ್ಕೆ ಅಬುಜಾದ ಮಾತುಕತೆಯಲ್ಲಿ ಇದುವರೆಗೆ ಜಾಗ ಸಿಕ್ಕಿಲ್ಲ.